ಅಮ್ಮನ ಸವೆದ ಬೆರಳು

ಡಿಸೆಂಬರ್ 27, 2023, ಬುಧವಾರ
ಆರ್ಲ್ಯಾಂಡೊ, ಫ್ಲಾರಿಡಾ, ರಾತ್ರಿ ಹನ್ನೊಂದೂವರೆ

ಪುಟ್ಟಿ ಈಗಷ್ಟೇ ನಿದ್ದೆಹೋದಳು. ಹೊದಿಕೆ ಎಳೆದುಕೊಳ್ಳುತ್ತ ಅವಳು ಕೇಳಿದ ಪ್ರಶ್ನೆಯಿಂದಾಗಿ ನನಗೆ ನಿದ್ದೆ ಬರುತ್ತಿಲ್ಲ. "ಅಮ್ಮ, ನಾನು ಬೆರಳು ಕೊಟ್ಟದ್ದು ತಪ್ಪಾ?" ಎಂದು ಕೇಳಿದಳು. ತಪ್ಪಲ್ಲ, ಮಲಗು ಎಂದೆ. ಅವಳದು ತಪ್ಪಲ್ಲ ಎನ್ನುವುದು ನಿಜವೇ. ಆದರೆ ತಪ್ಪು ಯಾರದೂ ಅಲ್ಲವೇ ಎಂದು ಅವಳು ಮುಂದುವರಿದು ಕೇಳಿದ್ದರೆ ನನ್ನಲ್ಲಿ ಉತ್ತರವಿರಲಿಲ್ಲ.

ಇಡೀ ದಿನ ಕಳೆದ ಆ ಮನರಂಜನಾ ಉದ್ಯಾನದ ವಿವರ ಇಲ್ಲಿ ಬೇಡ. ಬೆಳಿಗ್ಗೆ ಪ್ರವೇಶದ್ವಾರದಲ್ಲಿ ಕಳೆದ ಆರೇಳು ನಿಮಿಷಗಳನ್ನು ಮಾತ್ರ ಬರೆದಿಡಬೇಕಾಗಿದೆ. ನಮ್ಮದು ನಾಲ್ಕು ದಿನಗಳ ಟಿಕೆಟ್. ಟಿಕೆಟನ್ನು ಯಂತ್ರಕ್ಕೆ ತೋರಿಸಿ, ಪಕ್ಕದ ಗಾಜಿನ ಮೇಲೆ ತೋರುಬೆರಳನ್ನು ಒತ್ತಿ ಒಳಗೆ ಹೋಗಬೇಕು. ಇವರು ಒತ್ತಿ ದಾಟಿದರು. ನಾನು ಚೀಲದಲ್ಲಿ ಏನನ್ನೋ ಹುಡುಕುತ್ತಿದ್ದೆ. ತಲೆ ಎತ್ತುವಷ್ಟರಲ್ಲಿ ಪುಟ್ಟಿಯ ಬೆರಳು ಗಾಜಿನ ಮೇಲಿತ್ತು. ಅವಳಿಗೆ ಎಂಟು ವರ್ಷ. ಮುಂದೆ ಹೋದವರು ಮಾಡಿದ್ದನ್ನೇ ಮಾಡಿದ್ದಾಳೆ. ಬಳಿಕ ನಾನೂ ಒತ್ತಿದೆ. ಹಿಂದೆ ಅಷ್ಟು ಜನ ನಿಂತಿರುವಾಗ ನಿಂತು ಪ್ರಶ್ನೆ ಕೇಳುವ ಧೈರ್ಯ ನನಗಾಗಲಿಲ್ಲ ಎಂಬುದನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಕೊನೆಯಲ್ಲಿ ನನ್ನ ಅಮ್ಮ. ಅವಳ ಬೆರಳನ್ನು ಯಂತ್ರ ಓದಲಿಲ್ಲ. ಒರೆಸಿ ಒತ್ತಿಸಿದರು, ಇನ್ನೊಂದು ಬೆರಳನ್ನು ಒತ್ತಿಸಿದರು, ಮತ್ತೆ ಮೊದಲನೆಯದನ್ನೇ ಒತ್ತಿಸಿದರು. ಎಪ್ಪತ್ತು ದಾಟಿದವರ ಚರ್ಮ ಒಣಗಿ ಬೆರಳ ತುದಿಯ ಗೆರೆಗಳ ಉಬ್ಬು ತಗ್ಗಿರುತ್ತದೆ. ಅಮ್ಮನದಂತೂ ಜೀವಮಾನವಿಡೀ ನೀರಿನಲ್ಲಿ, ಬೂದಿಯಲ್ಲಿ ತಿಕ್ಕಿ ಸವೆದ ಬೆರಳು. ಆಗ ಅಲ್ಲಿದ್ದ ಹುಡುಗಿ ಬಹಳ ಸೌಜನ್ಯದಿಂದ, ಚಿಂತೆಯಿಲ್ಲ, ಭಾವಚಿತ್ರವಿರುವ ಯಾವುದಾದರೂ ಗುರುತಿನ ಚೀಟಿ ತೋರಿಸಿದರೆ ಸಾಕು ಎಂದಳು. ಅಮ್ಮ ಪಾಸ್‌ಪೋರ್ಟ್ ತೋರಿಸಿದಳು, ಒಳಗೆ ಬಂದಳು.

ಅಂದರೆ ಬೆರಳು ಕೊಡದೆಯೂ ಒಳಗೆ ಬರಬಹುದಿತ್ತು. ಆ ದಾರಿ ಮೊದಲಿನಿಂದಲೂ ಇತ್ತು. ಬೆರಳು ಸವೆದವರಿಗೆ ಮಾತ್ರ ಅದು ತಿಳಿಯಿತು, ಗೆರೆ ಸ್ಪಷ್ಟವಾಗಿರುವ ನಮ್ಮ ಮೂವರಿಗೆ ಯಾರೂ ಹೇಳಲಿಲ್ಲ. ದಿನವಿಡೀ ನನ್ನನ್ನು ಕಾಡಿದ್ದು ಇದು.

ರಾತ್ರಿ ಊಟದ ಹೊತ್ತಿಗೆ ಇವರೊಡನೆ ಈ ಮಾತು ಬಂತು. "ದಿನಕ್ಕೆ ನೂರು ಸಲ ಬೆರಳೊತ್ತಿ ಫೋನ್ ತೆರೆಯುತ್ತೀಯಲ್ಲ, ವಿಮಾನ ನಿಲ್ದಾಣದಲ್ಲಿ ಅಮ್ಮನ ಹತ್ತೂ ಬೆರಳನ್ನು ತೆಗೆದುಕೊಂಡರಲ್ಲ, ಆಗ ಇಲ್ಲದ ಸಂಕಟ ಈಗ ಏಕೆ?" ಎಂದು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ನಾನು ಹೇಳಿದ್ದು ಇಷ್ಟು: ಫೋನಿನಲ್ಲಿ ಬೆರಳ ಮಾಹಿತಿ ಅದೇ ಸಾಧನದ ಒಳಗಿನ ಪ್ರತ್ಯೇಕ ಭಾಗದಲ್ಲಿ ಉಳಿಯುತ್ತದೆ, ಅದರ ಬದಲು ಗುಪ್ತಸಂಖ್ಯೆಯನ್ನೂ ಬಳಸಬಹುದು, ಬೇಡವಾದಾಗ ನಾನೇ ಅಳಿಸಬಹುದು. ಗಡಿಯಲ್ಲಿ ತೆಗೆದುಕೊಳ್ಳುವುದು ಸರ್ಕಾರ. ಅದು ನನಗೆ ಒಪ್ಪಿಗೆಯಾಗಲಿ ಆಗದಿರಲಿ, ಅದರ ಹಿಂದೆ ಒಂದು ಕಾನೂನಿದೆ ಮತ್ತು ಅದು ವೀಸಾ ಅರ್ಜಿ ಹಾಕುವಾಗಲೇ ತಿಳಿದಿರುತ್ತದೆ. ಇಲ್ಲಿ ನಾವು ಬಂದದ್ದು ಆಟಕ್ಕೆ, ಮಗುವಿನ ಸಂತೋಷಕ್ಕೆ.

ಅವರಿಗೇಕೆ ಇದು ಬೇಕು ಎಂಬುದರಲ್ಲಿ ಗುಟ್ಟೇನಿಲ್ಲ. ಹಲವು ದಿನಗಳ ಟಿಕೆಟಿನಲ್ಲಿ ದಿನವೊಂದಕ್ಕೆ ಬೀಳುವ ಬೆಲೆ ಒಂದು ದಿನದ ಟಿಕೆಟಿಗಿಂತ ಕಡಿಮೆ. ಹೀಗಾಗಿ ಎರಡು ದಿನ ಬಳಸಿ ಉಳಿದೆರಡು ದಿನಗಳನ್ನು ಇನ್ನೊಬ್ಬರಿಗೆ ಮಾರುವ ವ್ಯಾಪಾರ ಹುಟ್ಟಿಕೊಳ್ಳುತ್ತದೆ. ಅದನ್ನು ತಡೆಯುವ ಹಕ್ಕು ಅವರಿಗಿದೆ. ಇಲ್ಲಿಯ ವಾಲ್ಟ್ ಡಿಸ್ನಿ ವರ್ಲ್ಡ್ 1990ರ ದಶಕದಲ್ಲೇ ಬೆರಳುಗಳ ಆಕಾರವನ್ನು ಅಳೆಯುವ ಯಂತ್ರಗಳನ್ನಿಟ್ಟು, 2000ದ ದಶಕದ ಮಧ್ಯದಲ್ಲಿ ಬೆರಳ ತುದಿಯನ್ನೇ ಓದುವ ಯಂತ್ರಗಳಿಗೆ ಬದಲಾಯಿತು. ಚಿತ್ರವನ್ನು ಒಂದು ಸಂಖ್ಯೆಯಾಗಿ ಬದಲಿಸಿ ಚಿತ್ರವನ್ನು ತಕ್ಷಣ ಅಳಿಸುತ್ತೇವೆ, ಬೆರಳು ಬೇಡವೆನ್ನುವವರು ಭಾವಚಿತ್ರದ ಗುರುತಿನ ಚೀಟಿ ತೋರಿಸಬಹುದು ಎಂದು ಆ ಸಂಸ್ಥೆ ಹೇಳುತ್ತ ಬಂದಿದೆ. ಕೋವಿಡ್ ಬಳಿಕ 2020ರ ಜುಲೈಯಲ್ಲಿ ಬಾಗಿಲು ತೆರೆದಾಗ ಈ ಪದ್ಧತಿಯನ್ನು ಅಲ್ಲಿ ನಿಲ್ಲಿಸಿದ್ದರು. 2021ರಲ್ಲಿ ಒಂದು ತಿಂಗಳು ಮುಖ ಗುರುತಿಸುವ ಯಂತ್ರದ ಪ್ರಯೋಗ ನಡೆಸಿ, ಅದೇ ವರ್ಷ ಬೆರಳಿಗೇ ಮರಳಿದರು. ಹೆಚ್ಚುಕಡಿಮೆ ಒಂದು ವರ್ಷ ಯಾರ ಬೆರಳನ್ನೂ ಕೇಳದೆ ಜನರನ್ನು ಒಳಗೆ ಬಿಡಲು ಸಾಧ್ಯವಾಯಿತು ಎಂಬುದು ಗಮನಿಸಬೇಕಾದ ಮಾತು.

"ಬರೀ ಒಂದು ಸಂಖ್ಯೆ" ಎಂಬ ಸಮಾಧಾನ ನನ್ನ ಮಟ್ಟಿಗೆ ನಿಲ್ಲುವುದಿಲ್ಲ. ಹದಿನಾಲ್ಕು ವರ್ಷಗಳಿಂದ ಡೇಟಾಬೇಸ್‌ಗಳ ನಡುವೆ ಬದುಕುತ್ತಿರುವ ನನಗೆ ಎಲ್ಲವೂ ಕೊನೆಗೆ ಸಂಖ್ಯೆಯೇ. ಇಂಥ ಯಂತ್ರಗಳು ಸಾಮಾನ್ಯವಾಗಿ ಬೆರಳಿನ ಗೆರೆ ಎಲ್ಲಿ ಮುಗಿಯುತ್ತದೆ, ಎಲ್ಲಿ ಕವಲೊಡೆಯುತ್ತದೆ ಎಂಬ ಬಿಂದುಗಳನ್ನು ಹುಡುಕಿ, ಅವುಗಳ ಸ್ಥಾನ ಮತ್ತು ಕೋನಗಳನ್ನು ಬರೆದಿಟ್ಟುಕೊಳ್ಳುತ್ತವೆ. ಮರುದಿನ ಅದೇ ಬೆರಳನ್ನು ಒತ್ತಿದರೂ ಒತ್ತಡ ಬೇರೆ, ಓರೆ ಬೇರೆ, ಬೆವರು ಬೇರೆ. ಆದ್ದರಿಂದ ಯಂತ್ರ ಹುಡುಕುವುದು ಪೂರ್ಣ ಸಮಾನತೆಯನ್ನಲ್ಲ, ಸಾಕಷ್ಟು ಹೋಲಿಕೆಯನ್ನು. ಪಾಸ್‌ವರ್ಡನ್ನು ಹಿಂದಿರುಗಿ ತಿಳಿಯಲಾಗದ ಹಾಗೆ ಅರೆದು ಇಡುತ್ತಾರಲ್ಲ, ಆ ವಿಧಾನ ಇಲ್ಲಿ ನೇರವಾಗಿ ನಡೆಯುವುದಿಲ್ಲ, ಏಕೆಂದರೆ ಒಂದಕ್ಷರ ಬದಲಾದರೂ ಅರೆದ ಫಲಿತಾಂಶ ಪೂರ್ತಿ ಬೇರೆಯಾಗುತ್ತದೆ. ಅಂಥ ಬಿಂದುಗಳ ಪಟ್ಟಿಯೊಂದರಿಂದಲೇ ಬೆರಳಚ್ಚಿನಂಥ ಚಿತ್ರವನ್ನು ಮತ್ತೆ ಕಟ್ಟಬಹುದೆಂದು ಸಂಶೋಧಕರು ಬಹಳ ಹಿಂದೆಯೇ ತೋರಿಸಿದ್ದಾರೆ. ಒಂದು ಮಾತನ್ನು ಅವರ ಪರವಾಗಿಯೂ ಬರೆಯಬೇಕು: ಎರಡನೆಯ ದಿನ ನನ್ನ ಬೆರಳನ್ನು ನನ್ನ ಟಿಕೆಟಿಗೆ ಜೋಡಿಸಿಟ್ಟ ಸಂಖ್ಯೆಯೊಡನೆ ಮಾತ್ರ ಹೋಲಿಸುವುದಕ್ಕೂ, ಲಕ್ಷಾಂತರ ಜನರ ನಡುವೆ ಇವಳು ಯಾರೆಂದು ಹುಡುಕುವುದಕ್ಕೂ ಬಹಳ ವ್ಯತ್ಯಾಸವಿದೆ. ಮೊದಲನೆಯದಷ್ಟೇ ನಡೆಯುತ್ತಿದ್ದರೆ ಅಪಾಯ ಕಡಿಮೆ. ಆದರೆ ಒಮ್ಮೆ ಸಂಗ್ರಹವಾದದ್ದು ಕೂಡಿಟ್ಟವರ ಉದ್ದೇಶಕ್ಕೆ ಮಾತ್ರ ಬಳಕೆಯಾಗುತ್ತದೆಂಬ ಖಾತ್ರಿ ಸರ್ಕಾರಕ್ಕೇ ಇರಲಿಲ್ಲ: 2015ರಲ್ಲಿ ಈ ದೇಶದ ಸರ್ಕಾರಿ ನೌಕರರ ಮಾಹಿತಿ ಇಡುವ ಸಿಬ್ಬಂದಿ ನಿರ್ವಹಣಾ ಕಚೇರಿಯಿಂದ 56 ಲಕ್ಷ ಜನರ ಬೆರಳಚ್ಚು ಕಳುವಾಯಿತು. ಅವರಾರಿಗೂ ಬೇರೆ ಬೆರಳು ಕೊಡಿಸಲು ಸಾಧ್ಯವಿಲ್ಲ.

ಅಮ್ಮ ಅಷ್ಟು ಹೊತ್ತೂ ಸುಮ್ಮನೆ ಕೇಳುತ್ತಿದ್ದಳು. ಆಮೇಲೆ ನನ್ನ ಅಜ್ಜಿಯ ಮಾತು ತೆಗೆದಳು. ಅಜ್ಜಿಗೆ ಓದು ಬರಹ ತಿಳಿಯದು; ಪತ್ರಗಳಿಗೆ ಹೆಬ್ಬೆಟ್ಟು ಒತ್ತುವವಳು. "ಆದರೆ ಓದಿ ಹೇಳಿಸಿಕೊಳ್ಳದೆ ಒಂದು ದಿನವೂ ಒತ್ತಿದವಳಲ್ಲ ಕಣೇ. ಏನು ಬರೆದಿದೆ, ಯಾರಿಗೆ ಬರೆದಿದೆ, ಎಷ್ಟು ದಿನಕ್ಕೆ ಬರೆದಿದೆ, ಮೂರನ್ನೂ ಕೇಳುತ್ತಿದ್ದಳು. ಎರಡು ಸಲ ಓದಿಸುತ್ತಿದ್ದಳು. ಓದುವವರು ಬೇಸರ ಮಾಡಿಕೊಂಡರೆ, ಮಸಿ ಹತ್ತುವುದು ನನ್ನ ಬೆರಳಿಗೆ ತಾನೇ ಅನ್ನುತ್ತಿದ್ದಳು" ಎಂದಳು. ಸ್ವಲ್ಪ ತಡೆದು, "ಇವತ್ತು ಅಲ್ಲಿ ಯಾರೂ ಏನೂ ಓದಿ ಹೇಳಲಿಲ್ಲವಲ್ಲ" ಎಂದು ಸೇರಿಸಿದಳು.

ನಾನು ಮರುಮಾತಾಡಲಿಲ್ಲ. ಅಮ್ಮನಿಗೆ ಗೊತ್ತಿಲ್ಲ, ಅಜ್ಜಿ ಕೇಳುತ್ತಿದ್ದ ಪ್ರಶ್ನೆಗಳು ನಾವಿರುವ ಇಲಿನಾಯ್ಸ್ ರಾಜ್ಯದಲ್ಲಿ 2008ರಿಂದ ಕಾನೂನಾಗಿವೆ. ಯಾವುದೇ ಖಾಸಗಿ ಸಂಸ್ಥೆ ಒಬ್ಬರ ಬೆರಳಚ್ಚು ಪಡೆಯುವ ಮೊದಲು ಏನನ್ನು ಸಂಗ್ರಹಿಸುತ್ತಿದೆ, ಯಾವ ಉದ್ದೇಶಕ್ಕೆ, ಎಷ್ಟು ಕಾಲ ಇಟ್ಟುಕೊಳ್ಳುತ್ತದೆ ಎಂಬುದನ್ನು ಬರವಣಿಗೆಯಲ್ಲಿ ತಿಳಿಸಿ ಲಿಖಿತ ಒಪ್ಪಿಗೆ ಪಡೆಯಬೇಕು. ಉದ್ದೇಶ ಮುಗಿದ ಮೇಲೆ, ಅಥವಾ ಕೊನೆಯ ವ್ಯವಹಾರದಿಂದ ಮೂರು ವರ್ಷದೊಳಗೆ, ಯಾವುದು ಮೊದಲೋ ಆಗ ಅದನ್ನು ನಾಶಮಾಡಬೇಕು. ಆ ಕಾನೂನನ್ನು ಅರ್ಥಪೂರ್ಣಗೊಳಿಸಿದ ತೀರ್ಪೊಂದು ಉದ್ಯಾನದ ಬಾಗಿಲಿನಿಂದಲೇ ಬಂತು. ನಮ್ಮ ಮನೆಯಿಂದ ದೂರವಲ್ಲದ ಗರ್ನಿಯಲ್ಲಿರುವ ಸಿಕ್ಸ್ ಫ್ಲ್ಯಾಗ್ಸ್ ಉದ್ಯಾನಕ್ಕೆ 2014ರಲ್ಲಿ ಶಾಲೆಯ ಪ್ರವಾಸದಲ್ಲಿ ಹೋದ 14 ವರ್ಷದ ಹುಡುಗನ ಹೆಬ್ಬೆರಳನ್ನು ಇಡೀ ಋತುವಿಗೆ ನಡೆಯುವ ಪಾಸಿಗಾಗಿ ಸ್ಕ್ಯಾನ್ ಮಾಡಲಾಯಿತು. ಪಾಸಿಗೆ ಹಣ ಕಟ್ಟಿದ್ದ ತಾಯಿಗೆ ಅದು ತಿಳಿದದ್ದು ಅವನು ಮನೆಗೆ ಮರಳಿದ ಮೇಲೆ. ಹುಡುಗನಿಗೆ ಆದ ಹಾನಿಯೇನೆಂದು ಸಂಸ್ಥೆ ವಾದಿಸಿತು. ಹಾನಿಯನ್ನು ಬೇರೆಯಾಗಿ ತೋರಿಸಬೇಕಿಲ್ಲ, ಕೇಳದೆ ತೆಗೆದುಕೊಂಡದ್ದೇ ಹಕ್ಕಿನ ಉಲ್ಲಂಘನೆ ಎಂದು ರಾಜ್ಯದ ಸರ್ವೋಚ್ಚ ನ್ಯಾಯಾಲಯ 2019ರ ಜನವರಿ 25ರಂದು ಸರ್ವಾನುಮತದಿಂದ ಹೇಳಿತು. 2021ರಲ್ಲಿ 3.6 ಕೋಟಿ ಡಾಲರ್‌ಗೆ ರಾಜಿಯಾಯಿತು.

ಹಣಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸುವುದು ಆ ತಾಯಿಯ ಸ್ಥಿತಿ. ಅವಳು ಅಲ್ಲಿರಲಿಲ್ಲ. ನಾನು ಎರಡು ಮಾರು ದೂರದಲ್ಲಿದ್ದೆ.

ಇಲಿನಾಯ್ಸ್‌ನ ಕಾನೂನು ಇಲ್ಲಿ ಫ್ಲಾರಿಡಾದಲ್ಲಿ ಅನ್ವಯಿಸದು. ಆದರೆ ಮಕ್ಕಳ ವಿಷಯದಲ್ಲಿ ಈ ರಾಜ್ಯಕ್ಕೂ ಎಚ್ಚರ ಇಲ್ಲದಿಲ್ಲ. 2013ರಲ್ಲಿ, ಇಲ್ಲಿಂದ ಪಕ್ಕದಲ್ಲೇ ಇರುವ ಪೋಕ್ ಕೌಂಟಿಯ ಕೆಲವು ಶಾಲೆಗಳಲ್ಲಿ, ಬಸ್ಸಿಗೆ ಹತ್ತುವ ಮಕ್ಕಳನ್ನು ಗುರುತಿಸಲೆಂದು ಅವರ ಕಣ್ಣುಗಳನ್ನು ಸ್ಕ್ಯಾನ್ ಮಾಡಿದರು. ತಂದೆತಾಯಿಯರಿಗೆ ಪತ್ರ ತಲುಪಿದ್ದು ಸ್ಕ್ಯಾನ್ ಆದ ಮೇಲೆ. ಜನ ಸಿಟ್ಟಿಗೆದ್ದರು. ಮರುವರ್ಷ ವಿದ್ಯಾರ್ಥಿಗಳಿಂದ ಇಂಥ ದೇಹಚಿಹ್ನೆಗಳನ್ನು ಶಾಲೆಗಳು ಸಂಗ್ರಹಿಸಲೇಬಾರದೆಂದು ರಾಜ್ಯ ಕಾನೂನು ಮಾಡಿತು. ಹಾಗಾದರೆ ಇದೇ ರಾಜ್ಯದಲ್ಲಿ ಪುಟ್ಟಿಯ ವಯಸ್ಸಿನ ಮಗುವಿನ ಬೆರಳನ್ನು ಶಾಲೆಯ ಬಾಗಿಲಲ್ಲಿ ಕೇಳುವಂತಿಲ್ಲ, ಉದ್ಯಾನದ ಬಾಗಿಲಲ್ಲಿ ಕೇಳಬಹುದು. ಬೆರಳು ಅದೇ, ಮಗು ಅದೇ. ಇಂಗ್ಲೆಂಡಿನ ಶಾಲೆಗಳಲ್ಲಿ ತಂದೆತಾಯಿ ಒಪ್ಪಿದರೂ ಮಗು ಬೇಡವೆಂದರೆ ಬೆರಳಚ್ಚು ತೆಗೆಯುವಂತಿಲ್ಲವೆಂಬ ನಿಯಮವಿದೆ. ಬೇಡವೆನ್ನುವ ಮಾತಿಗೆ ಬೆಲೆಯಿದೆಯೆಂದು ಎಂಟು ವರ್ಷಕ್ಕೇ ತಿಳಿಯುವ ಮಗು ಮುಂದೆ ಹೇಗೆ ಬೆಳೆಯಬಹುದು ಎಂದು ನನಗೆ ಆಸೆಯಾಗುತ್ತದೆ. ಪುಟ್ಟಿ ಇಂದು ಕಲಿತದ್ದು ಅದರ ವಿರುದ್ಧದ ಪಾಠ. ಗಾಜು ಕಂಡರೆ ಬೆರಳಿಡಬೇಕು, ಒಳಗೆ ಸಂತೋಷ ಕಾದಿದೆ, ಕೇಳಿದರೆ ಸಾಲು ತಡವಾಗುತ್ತದೆ. ಕಲಿಸಿದವರಲ್ಲಿ ನಾನೂ ಒಬ್ಬಳು.

ಸಂಜೆ ಪಟಾಕಿಯ ಬೆಳಕಿನಲ್ಲಿ ಅವಳ ಮುಖ ಎಷ್ಟು ಚೆನ್ನಾಗಿತ್ತು ಎಂಬುದನ್ನೂ ಬರೆಯದಿದ್ದರೆ ಈ ದಿನಕ್ಕೆ ಅನ್ಯಾಯವಾಗುತ್ತದೆ. ನನ್ನ ಅಮ್ಮನ ತೋಳು ಹಿಡಿದು ಕುಣಿದಳು.

ನಾಳೆ ಎರಡನೆಯ ದಿನ. ನಾನು ಚಾಲನಾ ಪರವಾನಗಿಯನ್ನು ಚೀಲದ ಮುಂಭಾಗದ ಜೇಬಿಗೆ ಸೇರಿಸಿಟ್ಟಿದ್ದೇನೆ. ಅಮ್ಮ ತನ್ನ ಪಾಸ್‌ಪೋರ್ಟನ್ನು ಯಾರಿಗೂ ಕೊಡುವುದಿಲ್ಲವೆಂದು ದಿಂಬಿನ ಕೆಳಗೆ ಇಟ್ಟುಕೊಂಡಿದ್ದಾಳೆ. ಪುಟ್ಟಿಯ ಬಳಿ ಮಾತ್ರ ಭಾವಚಿತ್ರವಿರುವ ಚೀಟಿ ಯಾವುದೂ ಇಲ್ಲ. ದೇಶದೊಳಗಿನ ವಿಮಾನಕ್ಕೆ ಮಕ್ಕಳಿಗೆ ಅದು ಬೇಕಿಲ್ಲವೆಂದು ಅವಳ ಪಾಸ್‌ಪೋರ್ಟನ್ನು ಮನೆಯಲ್ಲೇ ಬಿಟ್ಟು ಬಂದೆವು. ಅವಳ ಬದಲು ನನ್ನ ಬೆರಳಿಡುತ್ತೇನೆ ಎಂದು ಕೇಳಬೇಕು. ಆದರೆ ಅವಳ ಟಿಕೆಟಿಗೆ ಇಂದು ಬೆಳಿಗ್ಗೆಯೇ ಅವಳ ಬೆರಳು ಅಂಟಿಕೊಂಡಿದೆ. ಅದನ್ನು ಬಿಡಿಸಿ ಕೊಡಿ ಎಂದು ಆ ಸಾಲಿನಲ್ಲಿ ನಿಂತು ನಾನು ಕೇಳುವಾಗ, ಕೈಹಿಡಿದು ನಿಂತ ಪುಟ್ಟಿ ತಲೆ ಎತ್ತಿ ನನ್ನ ಮುಖ ನೋಡಿದರೆ…