ಶೀವೆಲ್‌ಬೈನ್ ಹುಡುಕಿ ಶ್ವಿದ್ವಿನ್‌ಗೆ: ಪೊಮೆರೇನಿಯಾದಲ್ಲಿ ಜರ್ಮನ್ ಪೂರ್ವಜರ ಜಾಡು

ನಮ್ಮತ್ತೆಯ ಅಜ್ಜಿ ಹುಟ್ಟಿದ್ದು ಶೀವೆಲ್‌ಬೈನ್ ಹತ್ತಿರದ ಒಂದು ಹಳ್ಳಿಯಲ್ಲಿ. ಇವತ್ತಿನ ಜರ್ಮನಿಯ ನಕ್ಷೆಯಲ್ಲಿ ಎಷ್ಟು ಹುಡುಕಿದರೂ ಆ ಊರಿಲ್ಲ. 1945ರ ನಂತರ ಅದು ಪೋಲೆಂಡಿನ ಶ್ವಿದ್ವಿನ್. ಮದುವೆಯಾಗಿ ಬರ್ಲಿನ್ ಸೇರಿದ ನಾನು ಅತ್ತೆಯ ಜೊತೆ ಈ ಹುಡುಕಾಟಕ್ಕೆ ಹೊರಟೆ. ಜರ್ಮನ್ ಅಳಿಯ, ಸೊಸೆ ಇರುವ ಕನ್ನಡದ ಮನೆಗಳು ಈಗ ಅಪರೂಪವೇನಲ್ಲ, ಯಾರಿಗಾದರೂ ಉಪಯೋಗವಾದೀತು.

ರೈಲು ಟಿಕೆಟ್ ಕೊನೆಯ ಕೆಲಸ. ಊರು ಯಾವ ಕಾಲದಲ್ಲಿ ಯಾರ ಆಡಳಿತದಲ್ಲಿತ್ತು, ಯಾವ ಚರ್ಚಿಗೆ ನಡೆದುಕೊಳ್ಳುತ್ತಿತ್ತು ಎಂಬುದನ್ನು ಮೊದಲು ಮನೆಯಲ್ಲೇ ಕೂತು ಗಟ್ಟಿ ಮಾಡಿಕೊಳ್ಳಿ. ಶೀವೆಲ್‌ಬೈನ್ ತಾಲ್ಲೂಕನ್ನೇ ನೋಡಿ. 19ನೇ ಶತಮಾನದ ಆರಂಭದವರೆಗೆ ಅದು ಬ್ರಾಂಡೆನ್‌ಬರ್ಗಿನ ನೊಯ್‌ಮಾರ್ಕ್ ಎಂಬ ಪ್ರದೇಶಕ್ಕೆ ಸೇರಿತ್ತು. ನೆಪೋಲಿಯನ್ ಸೋತ ಮೇಲೆ, ಆಗಿನ ಜರ್ಮನ್ ರಾಜ್ಯ ಪ್ರಷ್ಯಾ ತನ್ನ ಪ್ರಾಂತ್ಯಗಳ ಗಡಿಯನ್ನು ಹೊಸದಾಗಿ ಎಳೆದಾಗ, ಬಾಲ್ಟಿಕ್ ಕರಾವಳಿಯ ಪೊಮೆರೇನಿಯಾ ಪ್ರಾಂತ್ಯಕ್ಕೆ ಬಂತು. ಆಮೇಲೆ ಪೋಲೆಂಡ್. ಅಲ್ಲೂ ಬಹುಕಾಲ ಕೊಶಾಲಿನ್ ಪ್ರಾಂತ್ಯ, 1999ರಿಂದ ಪಶ್ಚಿಮ ಪೊಮೆರೇನಿಯಾ. ಹೊಲ ಬಿಟ್ಟು ಕದಲದ ರೈತನ ಕಾಗದಪತ್ರವೂ ಹೀಗೆ ನಾಲ್ಕು ಕಡೆ ಚದುರಿರುತ್ತದೆ. 1912ರ ಮೈಯರ್ಸ್ ಊರುಕೋಶ ಇಂಟರ್‌ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಊರಿನ ಹೆಸರು ಹಾಕಿದರೆ ತಾಲ್ಲೂಕು, ನೋಂದಣಿ ಕಚೇರಿ ಎಲ್ಲಾ ತೋರಿಸುತ್ತದೆ. ನೊಯೆನ್‌ಡೋರ್ಫ್ ಎಂಬ ಹೆಸರಿನ ಊರುಗಳಿಗಂತೂ ಲೆಕ್ಕವೇ ಇಲ್ಲ. ತಾಲ್ಲೂಕು ಗೊತ್ತಿಲ್ಲದೆ ಹೊರಟರೆ ಇನ್ಯಾರದೋ ಊರು ನೋಡಿ ಬರಬೇಕಾಗುತ್ತದೆ.

ಪ್ರಷ್ಯಾದಲ್ಲಿ ಸರ್ಕಾರಿ ಜನನ ಮರಣ ನೋಂದಣಿ ಶುರುವಾದದ್ದು 1874ರ ಅಕ್ಟೋಬರ್ 1ರಂದು, ಇಡೀ ಜರ್ಮನ್ ಸಾಮ್ರಾಜ್ಯದಲ್ಲಿ 1876ರಲ್ಲಿ. ಅದಕ್ಕೂ ಹಿಂದಿನದಕ್ಕೆಲ್ಲ ಚರ್ಚಿನ ಪುಸ್ತಕವೇ ಗತಿ. ನಮ್ಮಲ್ಲಿ ಹೆಳವರು ಎತ್ತಿನ ಮೇಲೆ ಬಂದು ವಂಶಾವಳಿ ಓದಿಹೋಗುತ್ತಿದ್ದರಲ್ಲ, ಇಲ್ಲಿ ಆ ಕೆಲಸವನ್ನು ಪಾದ್ರಿ ಮಾಡುತ್ತಿದ್ದ. ಸಮಾಧಾನದ ಸಂಗತಿಯೆಂದರೆ, 1794ರ ಪ್ರಷ್ಯನ್ ಕಾನೂನಿನ ಪ್ರಕಾರ ಚರ್ಚಿನ ಪುಸ್ತಕದ್ದೊಂದು ನಕಲು ಕೋರ್ಟಿಗೆ ಹೋಗಬೇಕಿತ್ತು. ಯುದ್ಧದಲ್ಲಿ ಮೂಲ ಸುಟ್ಟುಹೋಗಿದ್ದರೂ ಎಷ್ಟೋ ಕಡೆ ಈ ನಕಲು ಉಳಿದಿದೆ. ಹಾಗಾಗಿ ಮೂಲ ಇಲ್ಲ ಎಂದೊಡನೆ ಕೈಚೆಲ್ಲಬೇಡಿ, ನಕಲು ಇದೆಯೇ ಎಂದು ಬೇರೆಯಾಗಿ ಕೇಳಿ.

ಊರಿನ ಚರ್ಚಿಗೆ ಹೋಗಿ ಹಳೇ ಪುಸ್ತಕ ತೋರಿಸಿ ಎನ್ನುವುದರಿಂದ ಪ್ರಯೋಜನವಿಲ್ಲ. ಆಗಿನ ಪೊಮೆರೇನಿಯಾ ಬಹುಪಾಲು ಲೂಥರನ್ ಪ್ರಾಟೆಸ್ಟೆಂಟ್, ಈಗ ಅವೇ ಗೋಡೆಗಳೊಳಗೆ ಕ್ಯಾಥೊಲಿಕ್ ಪೂಜೆ ನಡೆಯುತ್ತದೆ. ಉಳಿದ ಪುಸ್ತಕಗಳು ಪೋಲೆಂಡಿನ ಕೊಶಾಲಿನ್, ಶ್ಚೆಚಿನ್ ನಗರಗಳ ಪತ್ರಾಗಾರಗಳಲ್ಲಿ, ಇನ್ನು ಕೆಲವು ಬರ್ಲಿನ್ನಿನ ಪ್ರಾಟೆಸ್ಟೆಂಟ್ ಕೇಂದ್ರ ಪತ್ರಾಗಾರದಲ್ಲಿ ಇವೆ. ಪೋಲೆಂಡಿನ ಸರ್ಕಾರಿ ಪತ್ರಾಗಾರಗಳ ಜಾಲತಾಣದಲ್ಲಿ ಸ್ಕ್ಯಾನ್ ಆದ ಪುಟಗಳನ್ನು ದುಡ್ಡಿಲ್ಲದೆ ನೋಡಬಹುದು. ಜರ್ಮನ್ ಪ್ರಾಟೆಸ್ಟೆಂಟರ ಆರ್ಖಿಯೋನ್ ಜಾಲತಾಣಕ್ಕೆ ಚಂದಾ ಕಟ್ಟಬೇಕು. ಪೂರ್ವಜರು ಕ್ಯಾಥೊಲಿಕರಾಗಿದ್ದರೆ ಮೆಟ್ರಿಕುಲಾ ಎಂಬ ಜಾಲತಾಣ ನೋಡಿ, ಅದು ಪುಕ್ಕಟೆ. ಪೋಲೆಂಡಿನಲ್ಲಿ 100 ವರ್ಷ ತುಂಬದ ಜನನ, 80 ತುಂಬದ ಮದುವೆ ಮತ್ತು ಮರಣ ದಾಖಲೆಗಳು ಸ್ಥಳೀಯ ನೋಂದಣಿ ಕಚೇರಿಯಲ್ಲೇ ಇರುತ್ತವೆ. ಅವು ಬೇಕಿದ್ದರೆ ಸಂಬಂಧ ತೋರಿಸುವ ಪತ್ರಗಳನ್ನು ಜೊತೆಗಿಟ್ಟುಕೊಳ್ಳಿ.

ಪುಟ ಸಿಕ್ಕಿತು ಅನ್ನಿ, ಓದುವುದು ಹೇಗೆ? ಆಗಿನ ಕುರೆಂಟ್ ಎಂಬ ಜರ್ಮನ್ ಕೈಬರಹದಲ್ಲಿ 'ಇ' (e) ಅಕ್ಷರ 'ಎನ್' (n) ಥರ ಕಾಣುತ್ತದೆ, 'ಯು' (u) ಮೇಲೊಂದು ಕೊಂಕು ಗೆರೆ. ಜರ್ಮನ್ ಮಾತೃಭಾಷೆಯ ಅತ್ತೆಗೇ ಮೊದಲ ಸಾಲು ದಾಟಲಾಗಲಿಲ್ಲ. ಅಕ್ಷರಮಾಲೆಯ ಒಂದು ಹಾಳೆ ಪ್ರಿಂಟ್ ಹಾಕಿಸಿ, ಮನೆತನದ ಹೆಸರನ್ನು ಆ ಲಿಪಿಯಲ್ಲಿ ಬರೆದು ಬರೆದು ಕಣ್ಣಿಗೆ ರೂಢಿ ಮಾಡಿಕೊಂಡೆವು. ಆಮೇಲೆ ಪುಟ ತಿರುವಿದಾಗ ಆ ಹೆಸರೊಂದು ತಾನಾಗಿ ಎದ್ದು ಕಾಣತೊಡಗಿತು. ಹೆಸರು ಸಿಕ್ಕರೆ ಸಾಕು ಎಂದು ಮುಂದೆ ಹೋಗಬೇಡಿ, ಇಡೀ ಸಾಲು ಓದಿ. ಒಂದು ದೀಕ್ಷಾಸ್ನಾನದ ದಾಖಲೆಯಲ್ಲಿ ತಂದೆಯ ಕಸುಬು 'ಐನ್‌ಲೀಗರ್' ಎಂದಿತ್ತು. ಅಂದರೆ ಸ್ವಂತ ನೆಲವಿಲ್ಲದೆ, ಇನ್ನೊಬ್ಬರ ಮನೆಯಲ್ಲಿ ಬಿಡಾರ ಹೂಡಿ ಕೂಲಿ ಮಾಡುವವನು. "ನಮ್ಮದು ದೊಡ್ಡ ಜಮೀನು ಅಂತ ಅಜ್ಜಿ ಹೇಳ್ತಿದ್ದಳಲ್ಲ!" ಎಂದು ಅತ್ತೆ ಜೋರಾಗಿ ನಕ್ಕರು. ಮಗುವಿನ ಸಾಕ್ಷಿಗೆ ನಿಂತ ಧರ್ಮಪಿತೃಗಳ ಹೆಸರನ್ನಂತೂ ಬಿಡಲೇಬೇಡಿ. ಅವರು ಬಹುತೇಕ ನೆಂಟರೇ, ಕೆಲವೊಮ್ಮೆ ಊರಿನ ಹೆಸರೂ ಇರುತ್ತದೆ. ತಾಯಿಯ ತವರು ನಮಗೆ ಗೊತ್ತಾದದ್ದು ಅಲ್ಲಿಂದಲೇ.

ಇಷ್ಟಾದ ಮೇಲೆ ಹೊರಡಿ. ಬರ್ಲಿನ್‌ನಿಂದ ಶ್ಚೆಚಿನ್‌ಗೆ ರೈಲು, ಅಲ್ಲಿಂದ ಸ್ಟಾರ್ಗಾರ್ಡ್ ಮೇಲೆ ಕೊಶಾಲಿನ್‌ಗೆ ಹೋಗುವ ಮಾರ್ಗದಲ್ಲೇ ಶ್ವಿದ್ವಿನ್. ಗಡಿ ತಪಾಸಣೆಯಿಲ್ಲದ ಷೆಂಗೆನ್ ವಲಯ ಅಲ್ಲವೇ ಎಂದು ಪಾಸ್‌ಪೋರ್ಟ್, ವಾಸದ ಪರವಾನಗಿ ಮನೆಯಲ್ಲಿ ಬಿಡಬೇಡಿ, ಕೆಲವೊಮ್ಮೆ ಗಡಿಯಲ್ಲಿ ತಪಾಸಣೆ ಇರಬಹುದು. ಪತ್ರಾಗಾರಕ್ಕೆ ಮೊದಲೇ ಇ-ಮೇಲ್ ಬರೆದು ಕಡತದ ಸಂಖ್ಯೆ ಹೇಳಿಟ್ಟರೆ ಪುಸ್ತಕ ತಯಾರಿರುತ್ತದೆ. ಹಳ್ಳಿಯಲ್ಲಿ ಈಗಿರುವ ಅನೇಕರ ಹಿರಿಯರೂ ಯುದ್ಧದ ನಂತರ ಪೂರ್ವದ ತಮ್ಮ ಊರು ಕಳೆದುಕೊಂಡು ಬಂದು ನೆಲೆಸಿದವರು. ಹಳೇ ಮನೆ ಮುಂದೆ ನಿಂತು ಸುಮ್ಮನೆ ಫೋಟೊ ಹೊಡೆಯುವುದಕ್ಕಿಂತ, ಬಾಗಿಲು ತಟ್ಟಿ ಬಂದ ಕಾರಣ ಹೇಳಿ. ಒಂದು ಚೀಟಿಯಲ್ಲಿ ಪೋಲಿಷ್‌ನಲ್ಲಿ ಬರೆಸಿಕೊಂಡು ಹೋದರೆ ಆಯಿತು. ನಮ್ಮನ್ನು ಒಳಗೆ ಕರೆದು ಕಾಫಿ ಕೊಟ್ಟರು.

ಜರ್ಮನ್ ಗೋರಿಗಳ ಮೇಲೆ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ. ಬಹಳಷ್ಟು ಕಿತ್ತುಹೋಗಿವೆ, ಉಳಿದವು ಐವಿ ಬಳ್ಳಿಯಡಿ ಮುಚ್ಚಿವೆ. ನುಗ್ಗುವುದಾದರೆ ಕಾಲುಚೀಲದೊಳಗೆ ಪ್ಯಾಂಟ್ ಸೇರಿಸಿ ನುಗ್ಗಿ. ಮಲೆನಾಡಿನವಳಾದ ನನಗೆ ಉಣುಗು ಹೊಸದಲ್ಲ, ಆದರೆ ಇಲ್ಲಿಯದು ಲೈಮ್ ರೋಗ ತರುತ್ತದೆ. ರೂಮಿಗೆ ಬಂದೊಡನೆ ಮಂಡಿಯ ಹಿಂಭಾಗ, ಕಂಕುಳು ನೋಡಿಕೊಳ್ಳಿ. ಚಿಮುಟ ಜರ್ಮನಿಯಿಂದಲೇ ಒಯ್ಯಿರಿ.