ಕಾಂಗ್ರೆಸ್ ಬಾವಿಯ ಕಟ್ಟೆಯಲ್ಲಿ

ಇಂದು ಬೆಳಗಾವಿಯ ಟಿಳಕವಾಡಿಯಲ್ಲಿ ಕಾಂಗ್ರೆಸ್ ಬಾವಿಯನ್ನು ಇಣುಕಿ ನೋಡಿದೆ.

1924ರ ಕಾಂಗ್ರೆಸ್ ಅಧಿವೇಶನಕ್ಕೆಂದೇ ತೋಡಿದ ಬಾವಿ. ಅದಕ್ಕಿಟ್ಟ ಹೆಸರು ಪಂಪಾ ಸರೋವರ. ಅಧಿವೇಶನಕ್ಕಾಗಿ ಎದ್ದ ಡೇರೆಗಳ ಊರಿಗೆ ಇಟ್ಟದ್ದು ವಿಜಯನಗರ. ಎಂಥ ಅಭಿಮಾನ!

ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನ ಅದು, ಎಲ್ಲರಿಗೂ ಗೊತ್ತು. ನನ್ನ ಮನಸ್ಸು ಮಾತ್ರ ಆತಿಥ್ಯಕ್ಕೆ ನಿಂತ ನಮ್ಮವರ ಕಡೆಗೇ ಹೋಗುತ್ತದೆ. ದೇಶದ ಮೂಲೆಮೂಲೆಯಿಂದ ಬಂದ ಪ್ರತಿನಿಧಿಗಳಿಗೆ ಸ್ನಾನಕ್ಕೆ, ಅಡುಗೆಗೆ, ಕುಡಿಯಲು ನೀರು ಬೇಕು. ಬೆಳಗಾವಿಯ ಕಾಂಗ್ರೆಸ್ ನಾಯಕ ಗಂಗಾಧರರಾವ್ ದೇಶಪಾಂಡೆಯವರು ಓಡಾಡಿದರು. ಡಾ. ನಾ. ಸು. ಹರ್ಡೀಕರರು ಕಟ್ಟಿದ ಸ್ವಯಂಸೇವಕರ ಪಡೆ ಸೇವಾದಳದ ಹುಡುಗರು ದುಡಿದರು. ಕಕ್ಕಸು ತೊಳೆದವರೂ ಸ್ವಯಂಸೇವಕರೇ, ಅದೂ ಮಡಿಮೈಲಿಗೆಯ ಆ ಕಾಲದಲ್ಲಿ!

ತಮ್ಮೂರಲ್ಲೇ ಅಧಿವೇಶನ ನಡೆದರೂ ಅವರಲ್ಲಿ ಎಷ್ಟೋ ಮಂದಿಗೆ ಭಾಷಣ ಕೇಳಲು ಬಿಡುವೇ ಸಿಕ್ಕಿರಲಿಕ್ಕಿಲ್ಲ.

ಬೆಳಗಾವಿಯ ಗೆಳೆಯರೇ, ನಿಮ್ಮ ಮನೆಯ ಹಿರಿಯರು ಆ ದಿನಗಳ ಬಗ್ಗೆ ಏನಾದರೂ ಹೇಳಿದ್ದರೆ ದಯವಿಟ್ಟು ಬರೆದಿಡಿ.