ಚೆಂಡು ಬಂದಾಗ ಮುಖ ತಿರುಗಿಸುವ ಮಗು

ಎರಡನೇ ತರಗತಿಯ ಆಟದ ಪಿರಿಯಡ್. 32 ಮಕ್ಕಳು, 40 ನಿಮಿಷ, ಚೀಲದಲ್ಲಿ 8 ಚೆಂಡು. ಸೀಟಿ ಊದುವ ಮೊದಲೇ ಒಂದು ಲೆಕ್ಕ ಹಾಕಿಕೊಳ್ಳಬೇಕು. ಎಲ್ಲರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ಒಂದೇ ಚೆಂಡು ಆಡಿಸಿದರೆ ಒಬ್ಬೊಬ್ಬರ ಪಾಲಿಗೆ ಬರುವುದು ಒಂದೂಕಾಲು ನಿಮಿಷ. ಉಳಿದ ಹೊತ್ತೆಲ್ಲ ಮುಂದಿನವರ ಬೆನ್ನು ನೋಡುವುದು, ಹಿಂದಿನವರನ್ನು ತಳ್ಳುವುದು. ಅದೂ ಹೋಗಲಿ, ಆ ಒಂದೂಕಾಲು ನಿಮಿಷ 31 ಜೋಡಿ ಕಣ್ಣು ಆಡುವ ಮಗುವಿನ ಮೇಲೆಯೇ ಇರುತ್ತದೆ. ಕೈತಪ್ಪಿತೋ, ಸಾಲಿಗೆ ಸಾಲೇ ನಗುತ್ತದೆ. ಆದ್ದರಿಂದ ಸಾಲು ಬೇಡ. ನಾಲ್ವರಿಗೊಂದು ಚೆಂಡು, ಎಂಟು ಗುಂಪು, ಗುಂಪಿಂದ ಗುಂಪಿಗೆ ಐದಾರು ಹೆಜ್ಜೆ ಅಂತರ. ಎಲ್ಲರೂ ಆಡುತ್ತಿದ್ದರೆ ಯಾರ ಕೈಯಿಂದ ಏನು ಜಾರಿತೆಂದು ನೋಡಲು ಯಾರಿಗೂ ಪುರುಸೊತ್ತಿರುವುದಿಲ್ಲ.

ಗುಂಪು ಮಾಡುವಾಗಲೇ ಅರ್ಧ ಕೆಲಸ ಕೆಡುವುದುಂಟು. ಇಬ್ಬರನ್ನು ನಾಯಕರನ್ನಾಗಿ ಮಾಡಿ, ಒಬ್ಬೊಬ್ಬರನ್ನೇ ಆರಿಸಿಕೊಳ್ಳಿ ಎಂದರೆ ಕೊನೆಗೆ ಉಳಿಯುವವರು ಪ್ರತಿಸಲವೂ ಅದೇ ಇಬ್ಬರು ಮೂವರು. ಎಂಟು ಬಣ್ಣದ ಚೀಟಿಗಳನ್ನು ಕಲಸಿ ಹಂಚಿದರೆ ಎರಡು ನಿಮಿಷದಲ್ಲಿ ಮುಗಿಯುತ್ತದೆ, ಯಾರ ಮುಖವೂ ಬಾಡುವುದಿಲ್ಲ.

ಮೂರನೇ ಗುಂಪಿನಲ್ಲೊಬ್ಬ ಹುಡುಗ. ತಟ್ಟೆ ಹಿಡಿದವನಂತೆ ಎರಡೂ ಕೈ ಮುಂದೆ ಚಾಚಿದ್ದಾನೆ, ಮೊಣಕೈ ಸೆಟೆದುಕೊಂಡಿದೆ. ಚೆಂಡು ಎದುರಿನವನ ಕೈ ಬಿಟ್ಟಿತೋ ಇಲ್ಲವೋ, ಇವನ ಮುಖ ಪಕ್ಕಕ್ಕೆ ತಿರುಗಿ ಕಣ್ಣು ಮುಚ್ಚಿಬಿಡುತ್ತದೆ. ಚೆಂಡು ತೋಳಿಗೆ ಬಡಿದು ಪುಟಿಯುತ್ತದೆ. ‘ಚೆಂಡು ನೋಡೋ’ ಎಂದು ಎಷ್ಟು ಕೂಗಿದರೂ ಅಷ್ಟೇ. ಅವನು ಬೇಕೆಂದು ಮಾಡುತ್ತಿಲ್ಲ. ಮುಖದತ್ತ ಏನಾದರೂ ಬಂದರೆ ಕಣ್ಣು ತಾನಾಗಿಯೇ ಮುಚ್ಚುತ್ತದೆ. ಐದಾರು ವರ್ಷದ ಮಕ್ಕಳಲ್ಲಿ ಇದು ತೀರಾ ಸಾಮಾನ್ಯ. ಹಿಂದೆ ಗಟ್ಟಿ ಚೆಂಡಿನ ಏಟು ತಿಂದಿದ್ದರಂತೂ ಏಳೆಂಟಕ್ಕೂ ಬಿಡುವುದಿಲ್ಲ.

ಇಲ್ಲಿ ಬದಲಾಗಬೇಕಾದ್ದು ಹುಡುಗನಲ್ಲ, ಚೆಂಡು. ಸುಮಾರು 20 ಸೆಂಟಿಮೀಟರ್ ಅಗಲದ ಸ್ಪಂಜಿನ ಚೆಂಡಾದರೆ ಸರಿ. ಇಲ್ಲದಿದ್ದರೆ ರಬ್ಬರ್ ಚೆಂಡಿನ ಗಾಳಿಯನ್ನೇ ಒಂದಿಷ್ಟು ಬಿಡಬಹುದು. ಮೆತ್ತಗಾದ ಚೆಂಡು ಕೈಗೆ ಬಡಿದು ಹಾರುವುದಿಲ್ಲ, ತಾಗಿದರೂ ನೋಯುವುದಿಲ್ಲ. ಮೊದಲು ಇಬ್ಬರೂ ಕಾಲು ಅಗಲಿಸಿ ಎದುರುಬದುರು ಕೂತು ನೆಲದ ಮೇಲೆ ಉರುಳಿಸಲಿ. ಚೆಂಡು ನೆಲದಲ್ಲೇ ಬರುವಾಗ ಮುಖಕ್ಕೆ ಭಯವಿಲ್ಲ, ಕಣ್ಣು ಕೊನೆಯವರೆಗೂ ಅದರ ಹಿಂದೆಯೇ ಹೋಗುತ್ತದೆ. ಆಮೇಲೆ ಎದ್ದುನಿಂತು, ನಡುವೆ ನೆಲಕ್ಕೆ ಒಂದು ಸಲ ಪುಟಿಸಿ ಕೊಡುವುದು. ಕೊನೆಗೆ ಒಂದು ಮೀಟರ್ ದೂರದಿಂದ, ಕೆಳಗಿನಿಂದ ಮೇಲಕ್ಕೆ ಮೆಲ್ಲಗೆ, ಹೊಟ್ಟೆಯ ಮಟ್ಟಕ್ಕೆ ಎಸೆಯುವುದು. ಮೊಣಕೈ ಮಡಚಿರಲಿ, ಚೆಂಡು ಸಿಕ್ಕ ಕೂಡಲೇ ಎದೆಗೆ ಎಳೆದುಕೊಳ್ಳಲಿ. ಅವಸರಪಟ್ಟು ಉರುಳಿಸುವ ಹಂತವನ್ನು ಹಾರಿಸುವವರೇ ಹೆಚ್ಚು. ಮುಚ್ಚಿದ ಕಣ್ಣು ತೆರೆಯುವುದು ಅಲ್ಲಿಯೇ.

ಇನ್ನು ಎಣಿಕೆ. ಹತ್ತು ಎಸೆತಕ್ಕೆ ಒಂದು ಸುತ್ತು. ಏಳೆಂಟು ಹಿಡಿದರೆ ಅರ್ಧ ಹೆಜ್ಜೆ ಹಿಂದಕ್ಕೆ, ನಾಲ್ಕಕ್ಕಿಂತ ಕಡಿಮೆಯಾದರೆ ಅರ್ಧ ಹೆಜ್ಜೆ ಮುಂದಕ್ಕೆ, ನಡುವೆ ಇದ್ದರೆ ನಿಂತಲ್ಲೇ. ಹಿಂದಕ್ಕೋ ಮುಂದಕ್ಕೋ ಎಂದು ದೊಡ್ಡವರು ಹೇಳಬಾರದು, ಮಗುವೇ ನೋಡಿಕೊಳ್ಳಲಿ. ಪಕ್ಕದ ಗುಂಪಿನ ಅಂಕವನ್ನು ಕೂಗಿ ಹೇಳುವುದಂತೂ ಬೇಡವೇ ಬೇಡ. ನಮ್ಮ ಹುಡುಗನ ಮೊದಲ ಸುತ್ತು ಮೂರು, ಆಮೇಲೆ ಐದು, ಮತ್ತೊಮ್ಮೆ ಐದು, ನಾಲ್ಕನೆಯದಕ್ಕೆ ಏಳು. ಏಳಾದದ್ದೇ, ಯಾರನ್ನೂ ಕೇಳದೆ ಅವನ ಕಾಲು ಹಿಂದಕ್ಕೆ ಸರಿಯಿತು. ಸರಿದದ್ದು ಅರ್ಧ ಹೆಜ್ಜೆಯಲ್ಲ, ಒಂದೂವರೆ. ತಿದ್ದಲು ಹೋಗಬಾರದು. ಮುಂದಿನ ಸುತ್ತಿನಲ್ಲಿ ಎರಡೇ ಸಿಕ್ಕಿತು, ತಾನೇ ಮುಂದೆ ಬಂದು ನಿಂತ.

ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 1977ರಲ್ಲಿ ಬರೆದದ್ದೂ ಇದನ್ನೇ: ‘ನನ್ನಿಂದ ಆಗುತ್ತದೆ’ ಎಂಬ ನಂಬಿಕೆ ನಾಲ್ಕು ಕಡೆಯಿಂದ ಬರುತ್ತದೆ, ಅವುಗಳಲ್ಲಿ ತಾನೇ ಮಾಡಿ ಗೆದ್ದ ಅನುಭವದ್ದೇ ಹೆಚ್ಚಿನ ಬಲ, ಇನ್ನೊಬ್ಬರ ಹುರಿದುಂಬಿಸುವ ಮಾತಿಗೆ ಅಷ್ಟು ಬಲವಿಲ್ಲ. ಹಿಡಿದರೂ ಬಿಟ್ಟರೂ ‘ವೆರಿ ಗುಡ್’ ಎನ್ನುತ್ತಿದ್ದರೆ ಆ ಮಾತು ಸುಳ್ಳೆಂದು ಎರಡೇ ದಿನದಲ್ಲಿ ಮಕ್ಕಳಿಗೆ ಗೊತ್ತಾಗುತ್ತದೆ. ‘ಈ ಸಲ ಕಣ್ಣು ಮುಚ್ಚಲಿಲ್ಲ’ ಎಂದರೆ ಸಾಕು, ಅದು ಕಂಡದ್ದನ್ನು ಹೇಳಿದ ಮಾತು.

‘ಔಟ್’ ಆಗುವ ಆಟಗಳ ಬಗ್ಗೆ ಒಂದು ತಕರಾರಿದೆ. ಮೊದಲು ಔಟಾಗಿ ಗೋಡೆಗೊರಗಿ ಕೂರುವುದು ಯಾರಿಗೆ ಅಭ್ಯಾಸ ಹೆಚ್ಚು ಬೇಕೋ ಅವರೇ. ಚುರುಕಾದವರು ಕೊನೆಯವರೆಗೂ ಓಡುತ್ತಾರೆ. ಔಟಾದವರು ಬದಿಗೆ ಹೋಗಿ ಐದು ಸಲ ಒಂಟಿಕಾಲಲ್ಲಿ ಕುಪ್ಪಳಿಸಿ ಮತ್ತೆ ಒಳಗೆ ಬರಲಿ ಎಂದು ನಿಯಮ ಮಾಡಿದರೆ ಆಟದ ರುಚಿ ಏನೂ ಕೆಡುವುದಿಲ್ಲ.

ಮಧ್ಯಾಹ್ನ ತರಗತಿಯ ಒಳಗೆ ಚಿತ್ರವೇ ಬೇರೆ. ಮೈದಾನದಲ್ಲಿ ಗಂಟಲು ಹರಿಯುವಂತೆ ಕೂಗಿದ ಹುಡುಗಿ ಎದ್ದುನಿಂತು ಮಾತಾಡು ಎಂದರೆ ಫ್ರಾಕಿನ ಅಂಚು ತಿರುಚುತ್ತಾಳೆ. ಹೊರಗಿನ ಧೈರ್ಯ ತಾನಾಗಿ ಒಳಗೆ ನಡೆದು ಬರುವುದಿಲ್ಲ, ಇಲ್ಲಿಯೂ ಒಂದು ಮೀಟರಿನಿಂದಲೇ ಶುರುಮಾಡಬೇಕು. ಕೈಗೊಂದು ವಸ್ತು ಕೊಡಿ: ಎಲೆ, ಕಲ್ಲು, ಗುಂಡಿ, ಏನಾದರೂ ಸರಿ. ತಿರುಚಲು ಕೈಗೊಂದು ಕೆಲಸ ಸಿಗುತ್ತದೆ, ಎಲ್ಲರ ಕಣ್ಣೂ ಮುಖ ಬಿಟ್ಟು ವಸ್ತುವಿನ ಮೇಲೆ ಹೋಗುತ್ತದೆ. ಮೊದಲು ಪಕ್ಕದವರಿಗೆ ಒಂದು ನಿಮಿಷ, ಆಮೇಲೆ ಎರಡು ಜೋಡಿ ಸೇರಿ ನಾಲ್ವರಿಗೆ, ಆಮೇಲೆ ತನ್ನ ಜಾಗದಲ್ಲೇ ನಿಂತು ತರಗತಿಗೆ. ಮೂರು ವಾಕ್ಯ ಸಾಕು: ಇದೇನು, ಎಲ್ಲಿ ಸಿಕ್ಕಿತು, ಇದರಲ್ಲಿ ಏನು ಕಂಡಿತು. ಕರಿಹಲಗೆಯ ಮುಂದೆ ಬಂದು ನಿಲ್ಲುವುದು ಇನ್ನೆರಡು ವಾರ ತಡೆಯಲಿ.

ಕೆಡುವುದು ಸಾಮಾನ್ಯವಾಗಿ ಮೂರು ಕಡೆ. ಮಗು ತಡವರಿಸಿದ ಕೂಡಲೇ ವಾಕ್ಯವನ್ನು ನಾವೇ ಮುಗಿಸಿಬಿಡುತ್ತೇವೆ. ಶಿಕ್ಷಕರು ಪ್ರಶ್ನೆ ಕೇಳಿ ಕಾಯುವುದು ಸರಾಸರಿ ಒಂದು ಸೆಕೆಂಡು, ಅದನ್ನು ಮೂರಕ್ಕೆ ಏರಿಸಿದರೆ ಮಕ್ಕಳ ಉತ್ತರಗಳು ಉದ್ದವಾಗುತ್ತವೆ ಎಂದು ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದ್ದರು. ಮನಸ್ಸಿನಲ್ಲೇ ಒಂದು, ಎರಡು, ಮೂರು ಎಣಿಸಿ ನೋಡಿ, ಅದೆಷ್ಟು ದೀರ್ಘವೆಂದು ಗೊತ್ತಾಗುತ್ತದೆ. ಎರಡನೆಯದು, ಮಗು ಮೆತ್ತಗೆ ಹೇಳಿದ್ದನ್ನು ಟೀಚರ್ ಜೋರಾಗಿ ಮತ್ತೆ ಹೇಳುವುದು. ಆಗ ತರಗತಿ ಮಗುವಿನ ಮಾತಿಗೆ ಕಿವಿಗೊಡುವುದನ್ನೇ ಬಿಡುತ್ತದೆ. ಮೂರನೆಯದು, ದನಿ ಕೇಳಿಸಲಿಲ್ಲವೆಂದು ಮಗುವಿನ ಹತ್ತಿರ ಹೋಗುವುದು. ಹತ್ತಿರ ಹೋದಷ್ಟೂ ದನಿ ಇನ್ನೂ ಇಳಿಯುತ್ತದೆ. ಎದುರಿನ ಮೂಲೆಗೆ ಹೋಗಿ ನಿಂತರೆ, ಅಲ್ಲಿಗೆ ಮುಟ್ಟಿಸಲು ಅದು ತಾನಾಗಿ ಏರುತ್ತದೆ.

ಗುಂಡಿ ಹಿಡಿದ ಆ ಹುಡುಗಿ ಎರಡು ವಾಕ್ಯ ಹೇಳಿ ನಿಂತಳು. ಒಂದು, ಎರಡು, ಮೂರು. ಬೆರಳಲ್ಲಿ ಗುಂಡಿ ಒಂದು ಸುತ್ತು ತಿರುಗಿತು. ‘ಇದಕ್ಕೆ ನಾಲ್ಕು ತೂತು, ಮೂರರಲ್ಲಿ ಮಾತ್ರ ದಾರ ಇದೆ.’ ಹಿಂದಿನ ಬೆಂಚಿನಿಂದ ಯಾರೋ, ‘ನಾಲ್ಕನೇದರಲ್ಲಿ ಯಾಕಿಲ್ಲ?’ ಎಂದರು. ಅವಳು ಆ ಕಡೆ ತಿರುಗಿ, ಗುಂಡಿಯನ್ನು ಬೆಳಕಿಗೆ ಎತ್ತಿ ಹಿಡಿದು, ‘ಅದು ಮುಚ್ಚಿಹೋಗಿದೆ, ಬಾ ನೋಡು’ ಎಂದಳು.